ಐದು ಊರುಗಳ ಹೆಸರೂ ಗಣಕಯಂತ್ರದ ಕನ್ನಡ ಲಿಪಿಯೂ

ಲಿಪಿಯೊಂದು ಓಲೆಗರಿಯಿಂದ ಕಾಗದಕ್ಕೂ, ಕಾಗದದಿಂದ ಅಚ್ಚಿನ ಮೊಳೆಗೂ, ಮೊಳೆಯಿಂದ ಗಣಕಯಂತ್ರಕ್ಕೂ ದಾಟುವಾಗ ಆಯಾ ಸಾಧನಕ್ಕೆ ಸಹಜವಾದ ದೋಷಗಳು ಅದರೊಳಗೆ ಸೇರಿಕೊಳ್ಳುವುದು ಸ್ವಾಭಾವಿಕವಾದುದು. ಓಲೆಯ ಪ್ರತಿಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದವನ್ನು ತೋರದಿರುವುದು, ಒಂದೇ ಪದದಿಂದ ಮುಗಿಯುವ ಎರಡು ಸಾಲುಗಳ ನಡುವಣ ಭಾಗವು ಲಿಪಿಕಾರನ ಕಣ್ತಪ್ಪಿನಿಂದ ಬಿಟ್ಟುಹೋಗುವುದು ಮುಂತಾದ ದೋಷಗಳನ್ನು ಗ್ರಂಥಸಂಪಾದನೆಯಲ್ಲಿ ಪಳಗಿದವರು ಚೆನ್ನಾಗಿ ಬಲ್ಲರು. ಕಾರಣವನ್ನು ಗೊತ್ತುಮಾಡಿಕೊಂಡಲ್ಲದೆ ತಿದ್ದುವುದಕ್ಕೆ ಕೈಹಾಕಬಾರದೆಂಬುದು ಆ ಶಾಸ್ತ್ರದ ಮೊದಲನೆಯ ಪಾಠ. ಮೇಜಿನ ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವ ತಂತ್ರಾಂಶಗಳು ಬಳಕೆಗೆ ಬಂದಂದಿನಿಂದ ಕಾಣಿಸಿಕೊಂಡ ದೋಷಗಳಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಮೇಲುನೋಟಕ್ಕೆ ಬೇರೆಬೇರೆಯಾಗಿ ತೋರುವ ಆ ದೋಷಗಳಲ್ಲಿ ಬಹುಭಾಗವು ಒಂದೇ ಬೇರಿನಿಂದ ಹುಟ್ಟಿದುದೆಂಬುದನ್ನೂ, ಆ ಬೇರು ಯಾವುದೆಂಬುದನ್ನೂ ಇಲ್ಲಿ ವಿಚಾರಿಸಲಾಗುವುದು.

ವಿಚಾರಕ್ಕೆ ಆಧಾರವಾಗಿ ಒಂದು ಸೀಮೆಯ ಐದು ಸ್ಥಳನಾಮಗಳನ್ನು ತೆಗೆದುಕೊಳ್ಳಬಹುದು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಇವುಗಳನ್ನು ಆರಿಸಿಕೊಳ್ಳುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಲಿಪಿಗೆ ಸಂಬಂಧಿಸಿದುದು. ವಿಜಾತೀಯ ಒತ್ತಕ್ಷರ, ಸಜಾತೀಯ ಒತ್ತಕ್ಷರ, ಒಕಾರದ ಚಿಹ್ನೆ, ಳಕಾರ, ಒತ್ತಿನೊಡನೆ ಕೂಡಿದ ಗುಣಿತ, ಹೀಗೆ ಯಂತ್ರವನ್ನು ಪರೀಕ್ಷಿಸತಕ್ಕ ಸಂಗತಿಗಳಲ್ಲಿ ಮುಖ್ಯವಾದುವೆಲ್ಲವೂ ಈ ಐದು ಹೆಸರುಗಳಲ್ಲಿಯೇ ಅಡಗಿವೆ. ಎರಡನೆಯದು ಆಡಳಿತದ ಚರಿತ್ರೆಗೆ ಸಂಬಂಧಿಸಿದುದು. ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಈ ಸೀಮೆಯು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ಸಂಸ್ಥಾನಕ್ಕೆ ಸೇರಿತು. ಹರಪನಹಳ್ಳಿಯು ೧೯೯೭ರಲ್ಲಿ ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಹೋಗಿ, ಆಮೇಲೆ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಏರ್ಪಟ್ಟಾಗ ಈ ಐದೂ ಹೊಸಪೇಟೆಯೊಡನೆ ಕೂಡಿ ಅದರ ಆರು ತಾಲ್ಲೂಕುಗಳಾದುವು. ಎಲ್ಲೆಯು ಬದಲಾದಾಗಲೆಲ್ಲ ಊರುಗಳ ಮತ್ತು ಜನರ ಹೆಸರಿನ ಪಟ್ಟಿಗಳನ್ನು ಒಡೆಯಬೇಕು, ಕೂಡಿಸಬೇಕು, ಅಕಾರಾದಿಯಾಗಿ ಜೋಡಿಸಬೇಕು. ಕೈಬರಹದ ದಫ್ತರದಲ್ಲಿ ಇದು ಗುಮಾಸ್ತನ ಕಣ್ಣಿಗೆ ಬಿಟ್ಟ ಕೆಲಸ. ಗಣಕಯಂತ್ರದಲ್ಲಿಯಾದರೋ ಅಕ್ಷರವನ್ನು ಒಳಗೆ ಯಾವ ರೂಪದಲ್ಲಿ ಇರಿಸಲಾಗಿದೆಯೆಂಬುದರ ಮೇಲೆ ಎಲ್ಲವೂ ನಿಂತಿದೆ.

೧. ಅಕ್ಷರವೂ ಆಕಾರವೂ

ಗಣಕಯಂತ್ರವು ಅಕ್ಷರವನ್ನು ಅರಿಯದು; ಅದು ಬಲ್ಲದ್ದು ಸಂಖ್ಯೆಯೊಂದನ್ನೇ. ಇಂಥ ಸಂಖ್ಯೆಗೆ ಇಂಥ ಅಕ್ಷರವೆಂದು ಮೊದಲೇ ಗೊತ್ತುಮಾಡಿಕೊಂಡ ಒಪ್ಪಂದವೇ ಸಂಕೇತಪದ್ಧತಿ. ಹಳೆಯ ಯಂತ್ರಗಳಲ್ಲಿ ಒಂದು ಅಕ್ಷರಕ್ಕೆ ಮೀಸಲಾದ ಅಳತೆಯಲ್ಲಿ ೨೫೬ ಸಂಖ್ಯೆಗಳಿಗೆ ಮಾತ್ರ ಎಡೆಯಿದ್ದಿತು. ಇದರಲ್ಲಿ ಕನ್ನಡವನ್ನು ಅಳವಡಿಸುವುದಕ್ಕೆ ಎರಡು ದಾರಿಗಳಿದ್ದುವು. ವರ್ಣಮಾಲೆಯ ಒಂದೊಂದು ವರ್ಣಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟು, ಅವು ಕೂಡಿದಾಗ ಯಾವ ಆಕಾರವು ಮೂಡಬೇಕೆಂಬುದನ್ನು ಯಂತ್ರವೇ ಲೆಕ್ಕ ಹಾಕುವಂತೆ ಮಾಡುವುದು ಒಂದು ದಾರಿ. ಲಿಪಿಯನ್ನು ತಲೆಕಟ್ಟು, ಒಡಲು, ಒತ್ತು, ಕೊಂಬು ಎಂದು ತುಂಡುಗಳಾಗಿ ಒಡೆದು, ಒಂದೊಂದು ತುಂಡಿಗೂ ಒಂದೊಂದು ಸಂಖ್ಯೆಯನ್ನು ಕೊಟ್ಟು, ಅವುಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಇರಿಸುವುದು ಇನ್ನೊಂದು. ಮೊದಲನೆಯದನ್ನು ಅಕ್ಷರಸಂಕೇತವೆಂದೂ ಎರಡನೆಯದನ್ನು ಆಕಾರಸಂಕೇತವೆಂದೂ ಇಲ್ಲಿ ಕರೆಯಬಹುದು.

ಅಕ್ಷರವು ಕಿವಿಗೆ ಕೇಳಿಸುವುದೊಂದು, ಕಣ್ಣಿಗೆ ಕಾಣಿಸುವುದೊಂದು ಎಂದು ಎರಡು ಬಗೆಯಾಗಿರುವುದನ್ನು ಕನ್ನಡ ವ್ಯಾಕರಣದ ಪರಂಪರೆಯು ಬಲ್ಲುದು. ಗಣಕಯಂತ್ರದ ಎರಡು ಸಂಕೇತಪದ್ಧತಿಗಳ ನಡುವಣ ಭೇದವೂ ಇದನ್ನೇ ಹೋಲುತ್ತದೆ. ಭಾರತೀಯ ಮಾನಕ ಸಂಸ್ಥೆಯು ೧೯೯೧ರಲ್ಲಿ ಅಂಗೀಕರಿಸಿದ ಇಸ್ಕಿ ಎಂಬ ಸಂಕೇತವು ಮೊದಲನೆಯ ಬಗೆಯದು. ಆದರೆ ಅದನ್ನು ತೆರೆಯ ಮೇಲೆ ಸರಿಯಾಗಿ ಕಾಣಿಸುವುದಕ್ಕೆ ಜಿಸ್ಟ್ ಎಂಬ ವಿಶೇಷವಾದ ಫಲಕವನ್ನೋ ಅದಕ್ಕೆ ಸಮನಾದ ತಂತ್ರಾಂಶವನ್ನೋ ಯಂತ್ರದೊಳಗೆ ಜೋಡಿಸಬೇಕಾಗಿದ್ದಿತು. ಸಾಮಾನ್ಯವಾದ ಬರವಣಿಗೆಯ ತಂತ್ರಾಂಶಗಳು ಸಂಖ್ಯೆಗೆ ತಕ್ಕ ಆಕಾರವನ್ನು ಇದ್ದ ಹಾಗೆಯೇ ಬಿಡಿಸುತ್ತಿದ್ದುವೇ ಹೊರತು ಒತ್ತನ್ನು ಕೆಳಕ್ಕೆ ಇಳಿಸುವ ವಿವೇಕವನ್ನು ಪಡೆದಿರಲಿಲ್ಲ. ಹೀಗಿರುವಲ್ಲಿ ಕನ್ನಡಕ್ಕೆ ದುಡಿದ ತಂತ್ರಜ್ಞರು ಎರಡನೆಯ ದಾರಿಯನ್ನು ಹಿಡಿದುದು ಆ ಕಾಲಕ್ಕೆ ಅನಿವಾರ್ಯವಾಗಿದ್ದಿತೆನ್ನಬೇಕು. ಅಚ್ಚುಕೂಟದ ಮೊಳೆ ಜೋಡಿಸುವವನು ಒಡಲನ್ನೂ ಒತ್ತನ್ನೂ ಬೇರೆಬೇರೆ ಮನೆಗಳಿಂದ ಆರಿಸಿ ಸಾಲುಮಾಡುತ್ತಿದ್ದ ಪದ್ಧತಿಯೇ ಹೀಗೆ ಯಂತ್ರದೊಳಕ್ಕೂ ಪ್ರವೇಶಿಸಿತು.

ಈ ಕಾಲದ ಸಾಧನೆಗಳು ಅಲ್ಪವಾದುವಲ್ಲ. ಕೆ. ಪಿ. ರಾವ್ ಅವರು ರೋಮನ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ಧ್ವನಿಗಳನ್ನು ಅಳವಡಿಸಿ, ಒತ್ತಕ್ಷರಕ್ಕೆ ಕೊಂಡಿಯಾಗಿ ಒಂದು ಕೀಲಿಯನ್ನು ಇರಿಸಿದರು. ಅವರ ತಂತ್ರಾಂಶಕ್ಕೆ ಛಂದಸ್ಸಿನಲ್ಲಿಯೂ ಭಾಷಾಶಾಸ್ತ್ರದಲ್ಲಿಯೂ ಪ್ರಸಿದ್ಧರಾದ ಸೇಡಿಯಾಪು ಕೃಷ್ಣಭಟ್ಟರ (೧೯೦೨-೧೯೯೬) ಹೆಸರನ್ನು ಇಟ್ಟುದು ಗಮನಾರ್ಹವಾಗಿದೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ವು ೧೯೯೮ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ‘ನುಡಿ’ಯನ್ನು ಸಿದ್ಧಪಡಿಸಿತು. ಈ ಐದು ತಾಲ್ಲೂಕುಗಳಿಗೆ ನೆರೆಯಾದ ಹಂಪೆಯ ಕನ್ನಡ ವಿಶ್ವವಿದ್ಯಾಲಯವೂ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ ‘ಕುವೆಂಪು’ ಎಂಬ ತಂತ್ರಾಂಶವನ್ನು ಹೊರತಂದಿತು. ಶ್ರೀಲಿಪಿ, ಆಕೃತಿ ಮುಂತಾದುವು ಮುದ್ರಣಾಲಯಗಳಲ್ಲಿ ನೆಲೆಗೊಂಡುವು. ಶಾಲೆಯ ಪ್ರಶ್ನೆಪತ್ರಿಕೆಯಿಂದ ಹಿಡಿದು ಸಂಶೋಧನ ಪ್ರಬಂಧದವರೆಗೆ ಒಂದು ತಲೆಮಾರಿನ ಕನ್ನಡ ಬರವಣಿಗೆಯು ಬಹುಮಟ್ಟಿಗೆ ಇಂಥ ತಂತ್ರಾಂಶಗಳಿಂದಲೇ ಮೂಡಿತು. ಆದರೆ ತಯಾರಕರ ಆಕಾರಸಂಕೇತಗಳು ಒಂದರಂತೆ ಒಂದು ಇರಲಿಲ್ಲ. ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಓದಲಾಗದೆ ಇದ್ದುದು ಇದರ ಫಲ.

೨. ಆಕಾರಸಂಕೇತದಲ್ಲಿ ಐದು ಹೆಸರುಗಳು

ನುಡಿಯ ಅಕ್ಷರಶೈಲಿಯಲ್ಲಿ ಬರೆದ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲಾಗಿ ಯೂರೋಪಿನ ಚಿಹ್ನೆಗಳು ಕಾಣುತ್ತವೆ. ಆ ಸಂಖ್ಯೆಗಳು ಮೂಲದಲ್ಲಿ ಆ ಚಿಹ್ನೆಗಳಿಗೆ ಸೇರಿದುವಾದುದೇ ಕಾರಣ. ‘ಕನ್ನಡ’ ಎಂಬ ಪದವು ಏಳು ಚಿಹ್ನೆಗಳಾಗುತ್ತದೆ. ಕಕಾರದ ಒಡಲು ದೊಡ್ಡ ‘ಪಿ’. ತಲೆಕಟ್ಟು ಮೇಲೆ ಓರೆಗೀಟುಳ್ಳ ದೊಡ್ಡ ‘ಎ’. ನಕಾರದ ಒಡಲು ಇಂಗ್ಲೆಂಡಿನ ಪೌಂಡಿನ ಗುರುತು. ನಕಾರದ ಒತ್ತು ಜರ್ಮನರ ಜೋಡಿ ಸಕಾರ. ಹರಪನಹಳ್ಳಿಯಲ್ಲಿ ಪಕಾರವು ಜಪಾನಿನ ಯೆನ್ ನಾಣ್ಯದ ಗುರುತಾಗುತ್ತದೆ, ನಕಾರವು ಪೌಂಡಾಗುತ್ತದೆ, ‘ಳಿ’ ಎಂಬುದು ಅರ್ಧವೆಂಬ ಭಿನ್ನರಾಶಿಯಾಗುತ್ತದೆ. ಹಡಗಲಿಯ ‘ಲಿ’ಯು ಉಷ್ಣಮಾನವನ್ನು ಸೂಚಿಸುವ ಸೊನ್ನೆಯಾಗಿ ತೋರುತ್ತದೆ. ನೋಡಿದವರು ಕಡತವು ಕೆಟ್ಟಿತೆಂದು ಭಾವಿಸುವುದು ಸಹಜ. ಆದರೆ ಅದು ಕೆಟ್ಟಿಲ್ಲ; ಅಕ್ಷರಶೈಲಿಯನ್ನು ಸ್ಥಾಪಿಸಿದೊಡನೆ ಹರಪನಹಳ್ಳಿಯು ಹರಪನಹಳ್ಳಿಯಾಗಿಯೇ ತೋರುವುದು.

ಇದಕ್ಕಿಂತ ಆಳವಾದ ತೊಡಕುಗಳೂ ಉಂಟು. ಯಂತ್ರವು ಆ ಬರಹವನ್ನು ಇಂಗ್ಲಿಷೆಂದೇ ತಿಳಿದು ಅದಕ್ಕೆ ಇಂಗ್ಲಿಷಿನ ನಿಯಮಗಳನ್ನು ಅನ್ವಯಿಸುತ್ತದೆ. ವಾಕ್ಯದ ಮೊದಲನೆಯ ಅಕ್ಷರವನ್ನು ದೊಡ್ಡದಾಗಿ ಮಾಡುವ ಏರ್ಪಾಡು ಇಂಗ್ಲಿಷಿಗೆ ಉಪಕಾರಿ. ನುಡಿಯ ಸಂಕೇತದಲ್ಲಿ ಚಿಕ್ಕ ‘ಕ್ಯೂ’ ಡಕಾರದ ಒಡಲು, ದೊಡ್ಡ ‘ಕ್ಯೂ’ ಕಕಾರದ ಗುಡಿಸಿದ ರೂಪವಾದ ‘ಕಿ’. ಆದುದರಿಂದ ‘ಡಮರು’ ಎಂಬ ಪದದಿಂದ ವಾಕ್ಯವನ್ನು ಆರಂಭಿಸಿದರೆ ಡಕಾರವು ಹೋಗಿ ‘ಕಿ’ ಬಂದು, ಅದರ ಪಕ್ಕದಲ್ಲಿ ಒಂಟಿ ತಲೆಕಟ್ಟು ನಿಲ್ಲುತ್ತದೆ. ಬರೆದವರು ಮತ್ತೆಮತ್ತೆ ತಿದ್ದಿದರೂ ಯಂತ್ರವು ಮತ್ತೆಮತ್ತೆ ಕೆಡಿಸುತ್ತದೆ. ಪರಿಹಾರವು ಅಕ್ಷರವನ್ನು ತಿದ್ದುವುದರಲ್ಲಿಲ್ಲ, ಆ ಏರ್ಪಾಡನ್ನು ನಿಲ್ಲಿಸುವುದರಲ್ಲಿದೆ.

ಅಕಾರಾದಿ ಕ್ರಮದಲ್ಲಿ ದೋಷವು ಇನ್ನೂ ಸ್ಪಷ್ಟವಾಗುತ್ತದೆ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬುದು ವರ್ಣಮಾಲೆಗೆ ಒಪ್ಪುವ ಕ್ರಮ. ಗಕಾರ, ಡಕಾರ, ರಕಾರಗಳು ಆ ಅನುಕ್ರಮದಲ್ಲಿಯೇ ಬರುತ್ತವೆ. ನುಡಿಯ ಸಂಕೇತದಲ್ಲಿ ಗಕಾರದ ಒಡಲು ದೊಡ್ಡ ‘ಯು’, ಡಕಾರದ್ದು ಚಿಕ್ಕ ‘ಕ್ಯೂ’, ರಕಾರದ್ದು ಚಿಕ್ಕ ‘ಜಿ’. ಬರಿಯ ಸಂಖ್ಯೆಗಳನ್ನು ಹೋಲಿಸಿ ಜೋಡಿಸಿದರೆ ಇವು ಕ್ರಮವಾಗಿ ೮೫, ೧೧೩, ೧೦೩ ಆಗಿ ಹರಪನಹಳ್ಳಿಯು ಹಡಗಲಿಗಿಂತ ಮುಂದೆ ಬರುತ್ತದೆ. ಇಂಗ್ಲಿಷ್ ನಿಘಂಟಿನ ರೀತಿಯಲ್ಲಿ, ದೊಡ್ಡದು ಚಿಕ್ಕದೆಂಬ ಭೇದವನ್ನು ಬಿಟ್ಟು ಜೋಡಿಸಿದರೆ ಜಿ, ಕ್ಯೂ, ಯು ಎಂಬ ಕ್ರಮವುಂಟಾಗಿ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಮೂರು ಹೆಸರುಗಳೂ ತಲೆಕೆಳಗಾಗಿ ನಿಲ್ಲುತ್ತವೆ. ಕನ್ನಡದ ಅನುಕ್ರಮಣಿಕೆಯು ರೋಮನ್ ಅಕ್ಷರಗಳ ಆಜ್ಞೆಗೆ ಒಳಗಾದುದಕ್ಕೆ ಇದಕ್ಕಿಂತ ನಿದರ್ಶನವು ಬೇಡ.

ಕೀಲಿಯೊತ್ತುವಿಕೆಯಲ್ಲಿಯೂ ಇದೇ ವೈಷಮ್ಯವುಂಟು. ಬರೆಯುವವರು ಧ್ವನಿಯ ಕ್ರಮದಲ್ಲಿ ಕೀಲಿಗಳನ್ನು ಒತ್ತುತ್ತಾರೆ. ಕಡತದಲ್ಲಿ ಸೇರಬೇಕಾದುದು ಆಕಾರಗಳು. ಕಕಾರವನ್ನು ಒತ್ತಿದಾಗ ತಲೆಕಟ್ಟುಳ್ಳ ಕಕಾರವು ಮೂಡಿ, ಮುಂದಿನ ಕೀಲಿಯು ಗುಡಿಸಾದರೆ ಆಗಲೇ ಬರೆದುದನ್ನು ಅಳಿಸಿ ‘ಕಿ’ಯನ್ನು ಇಡಬೇಕು. ಇದಕ್ಕಾಗಿ ತಂತ್ರಾಂಶವು ಹಿಂದಿನ ಕೀಲಿಗಳನ್ನು ನೆನಪಿನಲ್ಲಿ ಇರಿಸಿಕೊಳ್ಳಬೇಕಾಗುತ್ತದೆ. ನಡುವೆ ಬರೆಯುವವರು ಬೇರೊಂದು ಕಡೆಗೆ ಗುರುತನ್ನು ಸರಿಸಿದರೆ ನೆನಪಿಗೂ ಸ್ಥಳಕ್ಕೂ ಹೊಂದಿಕೆ ತಪ್ಪಿ, ಸಂಬಂಧವಿಲ್ಲದ ಅಕ್ಷರವೊಂದು ಅಳಿಸಿಹೋಗುವ ಸಂಭವವುಂಟು.

೩. ಪರಿವರ್ತನೆಯ ತೊಡಕು

ಜಗತ್ತಿನ ಲಿಪಿಗಳೆಲ್ಲಕ್ಕೂ ಒಂದೇ ಸಂಕೇತವನ್ನು ಕಲ್ಪಿಸುವ ಯುನಿಕೋಡ್ ೧೯೯೧ರಲ್ಲಿ ತನ್ನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ೧೨೮ ಸ್ಥಾನಗಳನ್ನು ಕೊಟ್ಟಿತು. ಇಸ್ಕಿಯನ್ನು ಅನುಸರಿಸಿದ ಇದು ಅಕ್ಷರಸಂಕೇತ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯು ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ಕನ್ನಡವನ್ನು ಬಲ್ಲುದಾದ ಮೇಲೆ ಸಾಮಾನ್ಯ ಬಳಕೆದಾರರ ಮೇಜಿನ ಮೇಲೂ ಇದು ಸಾಧ್ಯವಾಯಿತು. ಹಳೆಯ ಕಡತಗಳನ್ನು ಹೊಸ ಸಂಕೇತಕ್ಕೆ ತಿರುಗಿಸುವ ಕೆಲಸವು ಆಗ ಎದುರಾಯಿತು.

ಒಂದೊಂದು ಚಿಹ್ನೆಗೆ ಒಂದೊಂದು ಅಕ್ಷರವನ್ನು ಬದಲಿಸಿದರೆ ಸಾಕೆಂದು ತೋರಬಹುದು. ಕೂಡ್ಲಿಗಿಯು ಇದನ್ನು ಸುಳ್ಳುಮಾಡುತ್ತದೆ. ಉಚ್ಚಾರಣೆಯಲ್ಲಿ ಡಕಾರ, ಲಕಾರ, ಆಮೇಲೆ ಇಕಾರ. ಅಕ್ಷರಸಂಕೇತವೂ ಈ ಕ್ರಮವನ್ನೇ ಪಾಲಿಸುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಗುಡಿಸುಳ್ಳ ‘ಡಿ’, ಅದರ ಕೆಳಗೆ ಲಕಾರದ ಒ‌ತ್ತು. ಆಕಾರಸಂಕೇತದ ಕಡತದಲ್ಲಿ ‘ಡಿ’ಯು ಮೊದಲು, ಒತ್ತು ಆಮೇಲೆ. ಆದುದರಿಂದ ಪರಿವರ್ತಕವು ‘ಡಿ’ಯನ್ನು ಒಡೆದು ಡಕಾರವನ್ನು ಇರಿಸಿ, ಇಕಾರವನ್ನು ಕೈಯಲ್ಲಿ ಹಿಡಿದುಕೊಂಡು, ಮುಂದೆ ಒತ್ತು ಇದೆಯೇ ಎಂದು ನೋಡಿ, ಇದ್ದರೆ ಅದನ್ನು ಬರೆದ ಮೇಲೆ ಇಕಾರವನ್ನು ಸೇರಿಸಬೇಕು. ಹೀಗೆ ಮಾಡದ ಪರಿವರ್ತಕದಿಂದ ಬಂದ ಕೂಡ್ಲಿಗಿಯಲ್ಲಿ ಒತ್ತು ಆಧಾರವಿಲ್ಲದೆ ನಿಂತು, ಅದರ ಬಳಿ ಚುಕ್ಕೆಗಳಿಂದಾದ ವೃತ್ತವೊಂದು ತೋರುತ್ತದೆ. ‘ಕರ್ನಾಟಕ’ದ ಅರ್ಕಾವತ್ತಿನಲ್ಲಿಯೂ ಹೀಗೆಯೇ. ನುಡಿಯಲ್ಲಿ ‘ನಾ’ ಬಂದ ಮೇಲೆ ರಕಾರದ ಗುರುತು ಬರುವುದರಿಂದ ಅದನ್ನು ಹಿಂದಕ್ಕೆ ಎಳೆದು ನಕಾರದ ಮುಂಚೆ ಕೂರಿಸಬೇಕು.

ಕೊಟ್ಟೂರಿನ ಒಕಾರವು ಇನ್ನೊಂದು ತೊಡಕನ್ನು ತೋರಿಸುತ್ತದೆ. ಕಣ್ಣಿಗೆ ಒಕಾರದ ಚಿಹ್ನೆಯು ಎತ್ವವೂ ಊಕಾರದ ಕೊಂಬೂ ಸೇರಿದುದು. ನುಡಿಯು ಅದನ್ನು ಎರಡು ತುಂಡುಗಳಾಗಿಯೇ ಇರಿಸುತ್ತದೆ. ಯುನಿಕೋಡಿನಲ್ಲಿ ಒಕಾರಕ್ಕೆ ೩೨೭೪ ಎಂಬ ಒಂದೇ ಸಂಖ್ಯೆಯುಂಟು. ಎತ್ವದ ೩೨೭೦ನ್ನೂ ಕೊಂಬಿನ ೩೨೬೬ನ್ನೂ ಒಂದಾದ ಮೇಲೊಂದಾಗಿ ಇಟ್ಟರೂ ಅದೇ ಆಕಾರವು ಮೂಡುತ್ತದೆ. ತುಂಡಿಗೆ ತುಂಡನ್ನು ಬದಲಿಸುವ ಪರಿವರ್ತಕವು ಎರಡನೆಯ ರೂಪವನ್ನು ಹುಟ್ಟಿಸುತ್ತದೆ. ಮೊದಲನೆಯ ರೀತಿಯಲ್ಲಿ ಕೊಟ್ಟೂರು ಎಂಟು ಸಂಖ್ಯೆಗಳ ಪದ, ಎರಡನೆಯ ರೀತಿಯಲ್ಲಿ ಒಂಬತ್ತರದು. ಕಣ್ಣಿಗೆ ಎಳ್ಳಷ್ಟೂ ಭೇದವಿಲ್ಲ. ಆದರೆ ಸಂಖ್ಯೆಗಳನ್ನಷ್ಟೇ ಹೋಲಿಸುವ ತಂತ್ರಾಂಶವು ಒಂದನ್ನು ಹುಡುಕಿದಾಗ ಇನ್ನೊಂದನ್ನು ಇಲ್ಲವೆನ್ನುತ್ತದೆ. ಯುನಿಕೋಡಿನ ನಿಯಮವು ಎರಡನ್ನೂ ಸಮಾನವೆಂದು ಸಾರಿ, ಹೋಲಿಸುವುದಕ್ಕೆ ಮುಂಚೆ ಏಕರೂಪಕ್ಕೆ ತರುವ ವಿಧಾನವನ್ನು ಹೇಳಿದೆ. ಈ, ಏ, ಐ, ಒ, ಓ ಎಂಬ ಐದು ಸ್ವರಗಳ ಚಿಹ್ನೆಗಳಿಗೂ ಇದು ಅನ್ವಯಿಸುತ್ತದೆ. ಹುಡುಕಾಟವು ವಿಫಲವಾದ ಕಡೆ ಮೊದಲು ಪರೀಕ್ಷಿಸತಕ್ಕುದು ಇದನ್ನೇ.

೪. ಹೊಸ ಸಂಕೇತದಲ್ಲಿ ಉಳಿದ ದೋಷಗಳು

ಅಕ್ಷರಸಂಕೇತವು ಬಂದೊಡನೆ ದೋಷಗಳೆಲ್ಲ ತೊಲಗಿದುವೆಂದಲ್ಲ. ಆಕಾರವನ್ನೇ ಅಕ್ಷರವೆಂದು ನಂಬುವ ಅಭ್ಯಾಸವು ಬರೆಯುವವರಲ್ಲಿಯೂ ತಂತ್ರಾಂಶವನ್ನು ರಚಿಸುವವರಲ್ಲಿಯೂ ಉಳಿದಿರುವುದರಿಂದ ಬೇರೆ ವೇಷದಲ್ಲಿ ಅವು ಮರಳುತ್ತವೆ. ಅನುಸ್ವಾರಕ್ಕೂ ಕನ್ನಡದ ಸೊನ್ನೆಯ ಅಂಕಿಗೂ ಆಕಾರದಲ್ಲಿ ಸಾಮ್ಯವುಂಟು. ಅನುಸ್ವಾರದ ಸಂಖ್ಯೆ ೩೨೦೨, ಸೊನ್ನೆಯದು ೩೩೦೨. ಇದೇ ಸೀಮೆಗೆ ನೆರೆಯಾದ ಕಂಪ್ಲಿಯನ್ನು ಸೊನ್ನೆಯಿಂದ ಬರೆದರೆ ಓದುವವರಿಗೆ ಅದು ಕಂಪ್ಲಿಯೇ. ಯಂತ್ರಕ್ಕೆ ಮಾತ್ರ ಕಕಾರ, ಒಂದು ಅಂಕಿ, ‘ಪ್ಲಿ’. ಕೊಟ್ಟೂರಿನಲ್ಲಿ ಒಂದೇ ಅಕ್ಷರಕ್ಕೆ ಎರಡು ಸಂಕೇತಗಳಾದರೆ ಇಲ್ಲಿ ಒಂದೇ ಆಕಾರಕ್ಕೆ ಎರಡು ಅಕ್ಷರಗಳು.

ಕಣ್ಣಿಗೆ ಕಾಣದ ಗುರುತುಗಳೂ ಎರಡುಂಟು. ೮೨೦೪ನೆಯದು ಒತ್ತು ಕೂಡದಂತೆ ತಡೆಯುವುದು. ‘ಕೂಡ್‌ಲಿಗಿ’ ಎಂದು ಡಕಾರವನ್ನು ಅರ್ಧಾಕ್ಷರವಾಗಿಯೇ ನಿಲ್ಲಿಸಲು ಅದು ಬೇಕು. ೮೨೦೫ನೆಯದು ಅರ್ಕಾವತ್ತನ್ನು ತಪ್ಪಿಸಿ ‘ರ‍್ಯಾಂಕು’ ಎಂಬಲ್ಲಿ ರಕಾರದ ಕೆಳಗೆ ಯಕಾರವನ್ನು ಇರಿಸುವುದಕ್ಕೆ ಬೇಕು. ಇವು ಅಗತ್ಯವಾದುವೇ ಆದರೂ, ಪದದ ಕೊನೆಯಲ್ಲಿ ಅನವಶ್ಯಕವಾಗಿ ಸೇರಿಕೊಂಡರೆ ಒಂದೇ ಹೆಸರು ಎರಡಾಗುತ್ತದೆ. ಹುಡುಕುವ ತಂತ್ರಾಂಶವು ಇವುಗಳನ್ನು ಬದಿಗಿರಿಸಿ ಹೋಲಿಸತಕ್ಕುದು.

ಅಕ್ಷರಗಣನೆಯ ವಿಷಯದಲ್ಲಿಯೂ ಎಚ್ಚರವು ಬೇಕು. ಛಂದಸ್ಸನ್ನು ಬಲ್ಲವರಿಗೆ ಹಗರಿಬೊಮ್ಮನಹಳ್ಳಿಯು ಎಂಟು ಅಕ್ಷರಗಳ ಪದ. ಯುನಿಕೋಡಿನಲ್ಲಿ ಅದು ಹದಿನೈದು ಸಂಖ್ಯೆಗಳು. ಯುಟಿಎಫ್-೮ ಎಂಬ ರೂಪದಲ್ಲಿ ಸಂಗ್ರಹಿಸಿದಾಗ ಒಂದೊಂದಕ್ಕೂ ಮೂರು ಬೈಟುಗಳಂತೆ ನಲವತ್ತೈದು ಬೈಟುಗಳು. ಇಂಗ್ಲಿಷ್ ಹೆಸರಿಗೆ ಧಾರಾಳವೆನಿಸುವ ನಲವತ್ತು ಬೈಟುಗಳ ಮನೆಯನ್ನು ತಂತ್ರಾಂಶದಲ್ಲಿ ಕೊಟ್ಟಿದ್ದರೆ ಈ ಊರು ‘ಹಗರಿಬೊಮ್ಮನಹಳ್’ ಎಂಬಲ್ಲಿಗೆ ತುಂಡಾಗಿ, ಮುಂದಿನ ಳಕಾರದ ಮೂರನೆಯ ಒಂದು ಭಾಗವು ಅರ್ಥವಿಲ್ಲದೆ ಉಳಿಯುತ್ತದೆ. ಪರಿಹಾರವೆಂದರೆ ಮನೆಯನ್ನು ದೊಡ್ಡದು ಮಾಡುವುದು, ಕತ್ತರಿಸಲೇಬೇಕಾದರೆ ಅಕ್ಷರದ ಎಲ್ಲೆಯಲ್ಲಿ ಕತ್ತರಿಸುವುದು.

ಅಕಾರಾದಿಯೂ ತಾನೇ ತಾನಾಗಿ ಸರಿಹೋಗಲಿಲ್ಲ. ಯುನಿಕೋಡಿನಲ್ಲಿ ಳಕಾರವು ೩೨೫೧ನೆಯದಾಗಿ ಲಕಾರದ ಪಕ್ಕದಲ್ಲಿದೆ. ಕನ್ನಡ ವರ್ಣಮಾಲೆಯಲ್ಲಿ ಅದರ ಸ್ಥಾನವು ೩೨೫೭ನೆಯದಾದ ಹಕಾರದ ಅನಂತರ. ಸಂಖ್ಯೆಯ ಕ್ರಮವನ್ನೇ ನಂಬಿದರೆ ‘ಕಳಸ’ವು ‘ಕವಿ’ಗಿಂತ ಮುಂದೆ ಬರುತ್ತದೆ, ನಿಘಂಟಿನ ಕ್ರಮದಲ್ಲಿ ‘ಕವಿ’ಯು ಮೊದಲು. ಆದುದರಿಂದ ಜೋಡಣೆಗೆ ಬೇರೆಯಾದ ಅನುಕ್ರಮಪಟ್ಟಿಯನ್ನು ತಂತ್ರಾಂಶಕ್ಕೆ ಒದಗಿಸಲೇಬೇಕು.

ಶಾಸನಗಳನ್ನು ಅಭ್ಯಾಸಮಾಡುವವರಿಗೆ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಈ ಸೀಮೆಯ ಬಾಗಳಿ, ಕೋಗಳಿ ಮುಂತಾದ ಸ್ಥಳಗಳು ಪ್ರಾಚೀನ ಶಾಸನಗಳಿಂದ ಪ್ರಸಿದ್ಧವಾದುವು. ಮದರಾಸು ಪ್ರಾಂತದ ಕನ್ನಡ ಶಾಸನಗಳು ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿದ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗವಾಗಿ ೧೯೩೯ರಲ್ಲಿ ಪ್ರಕಟವಾದುವು. ಇಂಥ ಪಾಠಗಳನ್ನು ಯಂತ್ರಕ್ಕೆ ಏರಿಸುವಾಗ ಹಳಗನ್ನಡದ ಱ, ೞ ಎರಡೂ ಬೇಕಾಗುತ್ತವೆ. ಯುನಿಕೋಡಿನಲ್ಲಿ ೩೨೯೪ನೆಯ ಸ್ಥಾನದಲ್ಲಿರುವ ೞಕಾರಕ್ಕೆ ತಪ್ಪಾಗಿ ‘ಫಾ’ ಎಂಬ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪದ್ಧತಿಯ ನಿಯಮವಾದುದರಿಂದ ತಪ್ಪು ಹೆಸರು ಹಾಗೆಯೇ ನಿಂತಿದೆ; ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಹೆಸರನ್ನು ನೋಡಿ ಅಕ್ಷರವನ್ನು ಹುಡುಕುವವರು ೞಕಾರವು ಇಲ್ಲವೆಂದು ಬಗೆದು ಅದರ ಎಡೆಯಲ್ಲಿ ಳಕಾರವನ್ನು ಬರೆದರೆ, ಶಾಸನದ ಕಾಲನಿರ್ಣಯಕ್ಕೆ ನೆರವಾಗುವ ಸಾಕ್ಷ್ಯವೊಂದು ಅಳಿದಂತಾಗುವುದು. ಅಕ್ಷರದ ಸ್ವರೂಪವನ್ನು ಬಲ್ಲವರು ಸಂಕೇತನಿರ್ಣಯದ ವೇಳೆಯಲ್ಲಿಯೇ ಇರಬೇಕಾದುದರ ಅಗತ್ಯವನ್ನು ಇದು ಸಾರಿ ಹೇಳುತ್ತದೆ.

೫. ಪರೀಕ್ಷಾಕ್ರಮ

ಮೇಲಣ ಚರ್ಚೆಯಿಂದ ದೋಷವನ್ನು ಗುರುತಿಸುವ ಕ್ರಮವೊಂದು ದೊರೆಯುತ್ತದೆ. ತೆರೆಯ ಮೇಲಿನ ಲಕ್ಷಣವೇ ದೋಷವು ಯಾವ ಘಟ್ಟದ್ದೆಂಬುದನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಯೆನ್, ಪೌಂಡು, ಭಿನ್ನರಾಶಿಗಳು ಕಂಡರೆ ಅದು ಆಕಾರಸಂಕೇತದ ಕಡತ. ಅಕ್ಷರಶೈಲಿಯು ಇಲ್ಲ, ಪಾಠವು ಸುರಕ್ಷಿತ. ಗೀಟುಳ್ಳ ಚಿಕ್ಕ ‘ಎ’ಯೂ ಅದರ ಹಿಂದೆ ಮೇಲೆ ಬರೆದ ಎರಡರ ಅಥವಾ ಮೂರರ ಅಂಕಿಯೂ ಮತ್ತೆಮತ್ತೆ ಕಂಡರೆ ಅದು ಯುಟಿಎಫ್-೮ರ ಕನ್ನಡ, ತಂತ್ರಾಂಶವು ಅದನ್ನು ಯೂರೋಪಿನ ಸಂಕೇತವೆಂದು ತಪ್ಪಾಗಿ ಓದುತ್ತಿದೆ, ಸರಿಯಾದ ಸಂಕೇತವನ್ನು ಸೂಚಿಸಿ ತೆರೆದರೆ ಸಾಕು. ಖಾಲಿ ಚೌಕಗಳು ಕಂಡರೆ ಕನ್ನಡದ ಅಕ್ಷರಶೈಲಿಯು ಯಂತ್ರದಲ್ಲಿಲ್ಲ. ಚುಕ್ಕೆಗಳ ವೃತ್ತವು ಕಂಡರೆ ಅಕ್ಷರಗಳ ಅನುಕ್ರಮವು ತಪ್ಪಿದೆ. ತಪ್ಪು ಕಡತದೊಳಗೇ ಇದೆ. ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ, ಮತ್ತು ಅವು ಕಡತದಲ್ಲಿಯೇ ಇವೆಯೆಂದು ಖಚಿತವಾದರೆ, ಕನ್ನಡವನ್ನರಿಯದ ಸಂಕೇತವೊಂದರ ಮೂಲಕ ಅದು ಹಾದುಬಂದಿದೆ. ಮೂಲವು ನಷ್ಟವಾಗಿದೆ, ಹಳೆಯ ಪ್ರತಿಯ ಹೊರತು ಬೇರೆ ಗತಿಯಿಲ್ಲ. ಈ ಐದರಲ್ಲಿ ಮೊದಲನೆಯ ಮೂರು ಕಾಣಿಕೆಯ ದೋಷಗಳು, ನಾಲ್ಕನೆಯದು ಪಾಠದ ದೋಷ, ಐದನೆಯದು ಗ್ರಂಥಪಾತ. ಕಾಣಿಕೆಯ ದೋಷವನ್ನು ಪಾಠದ ದೋಷವೆಂದು ಭ್ರಮಿಸಿ ಕೈಯಿಂದ ತಿದ್ದಲು ಹೊರಟರೆ ಸರಿಯಾಗಿದ್ದ ಪಾಠವೇ ಕೆಡುವುದು. ಅನೇಕ ಕಡತಗಳು ಹಾಳಾಗುವುದು ಯಂತ್ರದಿಂದಲ್ಲ, ಇಂಥ ತಿದ್ದುಪಡಿಯಿಂದ.

ಇದು ತಂತ್ರಜ್ಞರ ಚಿಂತೆ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯು ಈ ಶತಮಾನದ ಆದಿಯಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅಷ್ಟು ದೊಡ್ಡ ಭಂಡಾರದಲ್ಲಿ ಒಂದು ಹೆಸರು ಇದ್ದೂ ದೊರೆಯದಿದ್ದರೆ, ಉಳುವವನ ಪಾಲಿಗೆ ಅದು ಇಲ್ಲದುದಕ್ಕೆ ಸಮಾನ. ಅಧ್ಯಾಪಕರ ಮನೆಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಆಕಾರಸಂಕೇತದಲ್ಲಿ ಬರೆದ ಪ್ರಬಂಧಗಳು, ಜನಪದ ಗೀತಗಳ ಸಂಗ್ರಹಗಳು, ಶಾಸನಪಾಠಗಳು ಉಳಿದಿವೆ. ಅವುಗಳ ಅಕ್ಷರಶೈಲಿಯು ಕಳೆದುಹೋದರೆ ಅವು ಓದಬಲ್ಲವರಿಲ್ಲದ ಲಿಪಿಯಾಗುವುವು. ಓಲೆಗರಿಯು ಶತಮಾನಗಳ ಕಾಲ ಬಾಳಿದರೂ ಓದಲು ಬರುತ್ತದೆ. ಈ ಕಡತಗಳಿಗಾದರೋ ಅಷ್ಟು ಆಯುಸ್ಸನ್ನು ನಿರೀಕ್ಷಿಸುವಂತಿಲ್ಲ.

ಆದುದರಿಂದ ಅನುಸರಿಸತಕ್ಕ ಮಾರ್ಗವು ಗ್ರಂಥಸಂಪಾದಕರದೇ ಆಗಿರುತ್ತದೆ. ಮೂಲ ಕಡತವನ್ನು ಮುಟ್ಟದೆ ಕಾಪಾಡಬೇಕು; ಅದರೊಡನೆ ತಂತ್ರಾಂಶದ ಹೆಸರನ್ನೂ ಅಕ್ಷರಶೈಲಿಯ ಹೆಸರನ್ನೂ ಬರೆದಿಡಬೇಕು; ಅಕ್ಷರಶೈಲಿಯ ಒಂದು ಪ್ರತಿಯನ್ನೂ ಜೊತೆಯಲ್ಲಿರಿಸಬೇಕು. ಪರಿವರ್ತಿಸಿದುದನ್ನು ಮುದ್ರಿತ ಪ್ರತಿಯೊಡನೆ ಹೋಲಿಸಿ ನೋಡಬೇಕು. ಪರಿವರ್ತಕವನ್ನು ನಂಬುವುದಕ್ಕೆ ಮುಂಚೆ ಆರಿಸಿದ ಕೆಲವು ಪದಗಳಿಂದ ಅದನ್ನು ಪರೀಕ್ಷಿಸಬೇಕು. ಕೂಡ್ಲಿಗಿಯು ಒತ್ತಿನ ಅನುಕ್ರಮವನ್ನೂ, ಕೊಟ್ಟೂರು ಒಕಾರದ ಏಕರೂಪವನ್ನೂ, ಹಗರಿಬೊಮ್ಮನಹಳ್ಳಿಯು ಮನೆಯ ಅಳತೆಯನ್ನೂ, ಹಡಗಲಿ ಹರಪನಹಳ್ಳಿಗಳು ಅಕಾರಾದಿಯನ್ನೂ ಪರೀಕ್ಷಿಸಬಲ್ಲುವು. ಇವುಗಳ ಜೊತೆಗೆ ‘ಕರ್ನಾಟಕ’, ‘ಕಂಪ್ಲಿ’, ‘ಕಳಸ’, ‘ರ‍್ಯಾಂಕು’, ೞಕಾರವುಳ್ಳ ಒಂದು ಶಾಸನಪದ, ಇಷ್ಟನ್ನು ಸೇರಿಸಿದರೆ ಪಟ್ಟಿಯು ಬಹುಮಟ್ಟಿಗೆ ಪೂರ್ಣವಾಗುವುದು. ಇಂಥ ಪಟ್ಟಿಯನ್ನು ಸಿದ್ಧಮಾಡುವುದಕ್ಕೆ ಯಂತ್ರಶಾಸ್ತ್ರದ ಪಾಂಡಿತ್ಯವು ಬೇಕಿಲ್ಲ, ಲಿಪಿಯ ಮತ್ತು ವ್ಯಾಕರಣದ ತಿಳಿವಳಿಕೆ ಸಾಕು. ಅದು ಸಾಹಿತ್ಯದ ಅಧ್ಯಾಪಕರಲ್ಲಿ ಆಗಲೇ ಇದೆ.